ಕಾಕಾ ಗಾಡಿ ನೋಡಿದ್ದು

ಒಣ ಮೆಣಸಿನಕಾಯಿಯೊಂದು ಬಿಳಿ ದಾರದಲ್ಲಿ, ತೊಟ್ಟು ಮೇಲಾಗಿ, ಗಾಡಿಯೊಳಗಿನ ಕನ್ನಡಿಯಿಂದ ಇಳಿಬಿದ್ದಿತ್ತು. ಅದರ ಚೂಪು ತುದಿಗೂ ಡ್ಯಾಶ್‌ಬೋರ್ಡಿಗೂ ನಡುವೆ ನಾಲ್ಕು ಬೆರಳು ಜಾಗ. ಐದಾದರೆ ದಾರ ಸಡಿಲಿಸಬೇಕು, ಮೂರಾದರೆ ಬಿಗಿಯಬೇಕು.

ಇದನ್ನು ದೃಷ್ಟಿ ತಾಗದಿರಲೆಂದು ಕಟ್ಟಿದ್ದು ಎಂದು ನೀವು ತಿಳಿದರೆ ತಪ್ಪು ನಿಮ್ಮದಲ್ಲ. ರಾಣೆಬೆನ್ನೂರಿನಿಂದ ಬಾಡಿಗೆ ಗಾಡಿ ತಂದಿದ್ದ ಡ್ರೈವರ್ ಕೂಡ ಹಾಗೆಯೇ ತಿಳಿದು, "ಲಿಂಬಿಹಣ್ಣು ಮರತೀರಲ್ರಿ ಸಾವ್ಕಾರ್ರ" ಎಂದಿದ್ದ. ಅದು ದೃಷ್ಟಿಗಲ್ಲ, ಸಸ್ಪೆನ್ಶನ್ನಿಗೆ. ನಮ್ಮ ಕಾಕಾ ಕಂಡುಹಿಡಿದ ಮಾಪಕ ಅದು. ಗಾಡಿ ಹಂಪ್ ಹತ್ತಿ ಇಳಿಯುವಾಗ ಮೆಣಸಿನಕಾಯಿ ಗಾಜಿಗೆ ಬಡಿದರೆ ಗಾಡಿ ಫೇಲು. ಬಡಿಯದೆ ಸುಮ್ಮನೆ ತೂಗಿದರೆ ಪಾಸು. ಒಳಗಿನ ಬೀಜ ಗಲಗಲ ಎಂದದ್ದು ಹಿಂದಿನ ಸೀಟಿನವರಿಗೂ ಕೇಳಿಸಿದರೆ ಇಂಜಿನ್ನಿನ ಸದ್ದು ಕಡಿಮೆ ಎಂದರ್ಥ, ಫಸ್ಟ್ ಕ್ಲಾಸ್. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ ಇಟ್ಟ ಮನುಷ್ಯನ ಕೈಗೆ ಇನ್ನಾವ ಮಾಪಕ ಸಿಗಬೇಕು ಹೇಳಿ?

ಹಾವೇರಿ ಜಿಲ್ಲೆಯಲ್ಲಿ ಗಾಡಿಗಳ ವಿಷಯ ನಮ್ಮ ಕಾಕಾನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಅಷ್ಟೆಲ್ಲ ತಿಳಿದುಕೊಂಡು ಮನೆಗೆ ಒಂದೂ ಗಾಡಿ ಕೊಳ್ಳದವರು ಅಕ್ಕಪಕ್ಕದ ಜಿಲ್ಲೆಗಳಲ್ಲೂ ಇಲ್ಲ. ಮನೆಯಿಂದ ಅಂಗಡಿಗೆ ಅವರು ನಡೆದು ಹೋಗುತ್ತಾರೆ. ಮಳೆ ಬಂದರೆ ಕೊಡೆ ಹಿಡಿದು ನಡೆದು ಹೋಗುತ್ತಾರೆ. ಆದರೂ ವರ್ಷಾನುಗಟ್ಟಲೆ ಅವರನ್ನು ಕಾಡಿದ ಪ್ರಶ್ನೆ ಒಂದೇ: ಮೇಲಿಂದ ಮೇಲೆ ದೂರದೂರಿಗೆ ಹೋಗುವವರಿಗೆ ಬಾಡಿಗೆ ಗಾಡಿ ಸರಿಯೋ, ಸ್ವಂತ ಗಾಡಿ ಸರಿಯೋ? ಸ್ವಂತದ್ದೇ ಆದರೆ ತಗ್ಗಿನ ಕಾರೋ, ಎತ್ತರದ ಎಸ್‌ಯುವಿಯೋ?

"ಮ್ಯಾಲಿಂದ ಮ್ಯಾಲ ಎಲ್ಲಿಗೆ ಹೋಗೂದೈತ್ರಿ ನಿಮಗ?" ಎಂದು ಕಾಕಿ ಕೇಳುತ್ತಿದ್ದಳು. "ಓಣಿ ದಾಟಿದ್ರ ನಿಮ್ಮ ಅಂಗಡಿ."

"ಬರ್ತೈತಿ ಹೊತ್ತು."

"ಬಂದಾಗ ನೋಡಿದ್ರಾತು."

"ಬಂದಾಗ ನೋಡಾಕ ಕುಂತ್ರ ಹೊತ್ತು ಹೋಗಿರ್ತೈತಿ," ಎಂದು ಹೇಳಿ ಕಾಕಾ ಕೊಡೆ ಹುಡುಕುತ್ತಿದ್ದರು.

ಅವರಿಗೆ ಡ್ರೈವಿಂಗ್ ಬರುವುದಿಲ್ಲವೇ? ಬರುತ್ತದೆ. ಅಂಗಡಿಯ ಮಾಲಿನ ಗಾಡಿಯನ್ನು ಎಷ್ಟೋ ವರ್ಷ ಅವರೇ ಓಡಿಸಿದ್ದಾರೆ. ಆದರೂ ಬಾಡಿಗೆ ಗಾಡಿಗೆ ಡ್ರೈವರ್ ಬೇಕೇ ಬೇಕು. ಏಕೆಂದರೆ, "ಪರೀಕ್ಷಾ ನಡಸಾಂವ ತಾನ ಕುಂತು ಪೇಪರ್ ಬರೀತಾನೇನು?" ಈ ಪ್ರಶ್ನೆಯನ್ನು ಅವರು ನನಗೇ ಕೇಳಿದ್ದು. ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ, ಆದ್ದರಿಂದ ಪರೀಕ್ಷೆಗೆ ಸಂಬಂಧಿಸಿದ್ದಕ್ಕೆಲ್ಲ ನಾನೇ ಸಾಕ್ಷಿ.

ಆ ವಿದ್ಯೆಯ ಬಲದಿಂದ ಒಮ್ಮೆ ನಾನೇ ಕೋಷ್ಟಕ ಮಾಡಿಕೊಟ್ಟೆ. ಬಾಡಿಗೆ ಗಾಡಿ, ಸ್ವಂತ ಕಾರು, ಸ್ವಂತ ಎಸ್‌ಯುವಿ ಎಂದು ಮೂರು ಅಂಕಣ. ವರ್ಷಕ್ಕೆ ಎರಡು ಮೂರು ಸಲ ದೂರ ಹೋಗುವವರಿಗೆ ಬಾಡಿಗೆಯೇ ಸರಿ ಎಂಬುದು ಅದರಲ್ಲಿ ನಿಚ್ಚಳವಾಗಿತ್ತು. ಕಾಕಾ ಕನ್ನಡಕ ಹಾಕಿಕೊಂಡು ಗೌರವದಿಂದ ಓದಿದರು. ಸಂಜೆ ಅದರ ಮೇಲೆ ಮಿರ್ಚಿ ಭಜಿ ಇಟ್ಟುಕೊಂಡು ಎಣ್ಣೆ ಹೀರಿಸಿದರು. "ಕಾಗದ ಭಾಳ ಛಲೋ ಐತಿ, ಯವ್ವಾ" ಎಂದರು.

ಇಂಥವರಿಗೆ ಬೇಕಾದಷ್ಟು ಗಾಡಿ ನೋಡುವ ಅವಕಾಶ ಸಿಕ್ಕಿದ್ದು ನನ್ನ ಮದುವೆಯ ಮಾತು ಶುರುವಾದ ಮೇಲೆ. ಸಾಮಾನ್ಯವಾಗಿ ಗಂಡಿನವರು ಮೊದಲು ಬಂದು ಹುಡುಗಿಯನ್ನು ನೋಡುತ್ತಾರೆ, ಆಮೇಲೆ ನಮ್ಮ ಹಿರಿಯರು ಅವರ ಮನೆ ನೋಡಲು ಹೋಗುತ್ತಾರೆ. ಕಾಕಾ ಇದನ್ನು ತಿರುವಿ ಹಾಕಿದರು. ಮೊದಲು ಮನೆ, ಆಮೇಲೆ ಹುಡುಗಿ. ಅಪ್ಪ ಅಂಗಡಿಯಲ್ಲಿ ಉಳಿಯಬೇಕು, ಕಾಕಾ, ಕಾಕಿ ಮತ್ತು ಅವ್ವ ಹೋಗಬೇಕು. ಪ್ರತಿ ಮನೆಗೂ ಒಂದು ಬಾಡಿಗೆ ಗಾಡಿ. ಒಮ್ಮೆ ತಂದದ್ದನ್ನು ಇನ್ನೊಮ್ಮೆ ತರುವ ಹಾಗಿಲ್ಲ. ಅವರು ತಿರುಗಿ ಬಂದಾಗ ನಾನು ಒಳಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿರುತ್ತಿದ್ದೆ. ಬಾಗಿಲು ತೆರೆದಿರುತ್ತಿತ್ತು. ಗಾಳಿಗಾಗಿ.

"ಹೆಂಗ ಅನಸ್ತು?" ಎಂದು ಅಪ್ಪ ಕೇಳುತ್ತಿದ್ದರು.

"ನೆಲದಿಂದ ಎತ್ತರ ಛಲೋ ಐತಿ. ಹಳ್ಳದಾಗ ಇಳದ್ರೂ ತಳ ಹತ್ತಂಗಿಲ್ಲ."

"ನಾ ಹುಡುಗನ್ನ ಕೇಳಿದ್ದು."

"ಹುಡುಗಾ..." ಕಾಕಾ ನೆನಪು ಮಾಡಿಕೊಳ್ಳುತ್ತಿದ್ದರು. "ಕುಂತಿದ್ದ ನೋಡಣ್ಣ. ನಾವು ಎದ್ದು ಬರೂತನಾ ಕುಂತ ಇದ್ದ."

ಬೆಳಗಾವಿಯ ಮನೆಗೆ ಹೋದದ್ದು ಬಲು ಎತ್ತರದ ಎಸ್‌ಯುವಿಯಲ್ಲಿ. ಇಳಕಲ್ ಸೀರೆ ಉಟ್ಟ ಕಾಕಿಗೆ ಅದನ್ನು ಹತ್ತುವುದಾಗಲಿಲ್ಲ. ಮುಂದೆ ಮುಖ ಮಾಡಿ ಹತ್ತಲು ನೋಡಿದಳು, ಹಿಂದೆ ಮುಖ ಮಾಡಿಯೂ ನೋಡಿದಳು. ಕೊನೆಗೆ ಕಾಕಾ ದೇವರ ಮನೆಯಿಂದ ಕೂರುವ ಮಣೆ ತಂದು ಕೆಳಗಿಟ್ಟರು. ಮಣೆಯೂ ಜೊತೆಯಲ್ಲೇ ಪ್ರಯಾಣ ಮಾಡಿತು. ಬೆಳಗಾವಿಯಲ್ಲಿ ಗಂಡಿನ ತಾಯಿ ಬಾಗಿಲಿಗೆ ಬಂದು ನೋಡುತ್ತಾರೆ, ಬೀಗರಾಗುವವರ ಕಡೆಯ ಹೆಣ್ಣುಮಗಳು ಅಂಗಳದಲ್ಲಿ ಮಣೆಯ ಮೇಲೆ ಸೆಟೆದು ನಿಂತಿದ್ದಾಳೆ. ಹಾವೇರಿ ಕಡೆಯ ಪದ್ಧತಿ ಇರಬೇಕೆಂದು ಅವರು ಓಡಿಹೋಗಿ ಆರತಿ ತಂದರು. ಆರತಿ ಮುಗಿಯುವವರೆಗೆ ಮಣೆಯಿಂದ ಇಳಿಯುವುದು ಶುಭವಲ್ಲ. ಕಾಕಿ ನಿಂತಳು. ಅಕ್ಕಪಕ್ಕದ ಮನೆಯವರೂ ಬಂದು ಕೈಮುಗಿದರು.

"ನನ್ನ ಮದುವ್ಯಾಗೂ ಇಷ್ಟ ಸಮಾಧಾನದಿಂದ ಆರತಿ ಆಗಿರಲಿಲ್ಲ," ಎಂದು ಮನೆಗೆ ಬಂದ ಮೇಲೆ ಕಾಕಿ ಹೇಳಿದಳು. ಆ ಸಂಬಂಧ ಜಾತಕ ಕೂಡದೆ ನಿಂತಿತು. ಕಾಕಾನ ವರದಿ ಮಾತ್ರ ಪೂರ್ಣವಾಗಿತ್ತು: "ಮಣಿ ಇದ್ರ ದೊಡ್ಡ ಗಾಡಿ ತ್ರಾಸಿಲ್ಲ."

ಬಳ್ಳಾರಿಯ ಸಲ, ಭಾರ ಹೇರಿದಾಗ ಗಾಡಿ ಹೇಗೆ ಓಡುತ್ತದೆಂದು ನೋಡಲು ಕಾಕಾ ಹಿಂದುಗಡೆ ಒಂದು ಚೀಲ ಮೆಣಸಿನಕಾಯಿ ಹಾಕಿಸಿದರು. ತಗ್ಗಿನ ಕಾರಿಗೆ ಡಿಕ್ಕಿ ಬೇರೆ ಇರುತ್ತದೆ. ಎಸ್‌ಯುವಿಗೆ ಹಾಗಲ್ಲ, ಸಾಮಾನೂ ಜನರೂ ಒಂದೇ ಕೋಣೆಯಲ್ಲಿರುತ್ತಾರೆ. ಗಾಜು ಏರಿಸಿ ಎ.ಸಿ. ಹಾಕಿದ ಮೇಲೆ ಉಳಿದದ್ದನ್ನು ನೀವು ಊಹಿಸಬಹುದು. ಬಳ್ಳಾರಿ ಮುಟ್ಟುವ ಹೊತ್ತಿಗೆ ನಾಲ್ವರ ಕಣ್ಣಲ್ಲೂ ಧಾರೆ. ಅವ್ವ ಸೆರಗಿನಿಂದ ಮುಖ ಒರೆಸುತ್ತ ಇಳಿದದ್ದನ್ನು ನೋಡಿ ಗಂಡಿನ ತಾಯಿ ಬಂದು ಕೈ ಹಿಡಿದುಕೊಂಡರು.

"ಅಳಬ್ಯಾಡ್ರಿ ಅಕ್ಕಾರ. ಇನ್ನೂ ಮಾತ ಆಗಿಲ್ಲ. ಆದ್ರೂ ನಾವೇನು ನಿಮ್ಮ ಮಗಳನ್ನ ಬ್ಯಾರೆ ನೋಡ್ತೀವೇನ್ರಿ?"

ಅವ್ವ ಉತ್ತರವಾಗಿ ಸೀನಿದಳು. ಕಾಕಿ ಸೀನಿದಳು. ಅಷ್ಟರಲ್ಲಿ ಡ್ರೈವರ್ ಗಾಳಿಯಾಡಲೆಂದು ಗಾಡಿಯ ಹಿಂಬಾಗಿಲು ತೆರೆದ. ಗಾಳಿ ಆಡಿತು, ಮನೆಯ ಕಡೆಗೆ. ಸ್ವಲ್ಪ ಹೊತ್ತಿಗೆ ಎರಡೂ ಕಡೆಯವರು ಎದುರುಬದುರು ಕೂತು ಅಳುತ್ತಿದ್ದರಂತೆ.

"ಹುಡುಗ ಹೆಂಗದಾನ?" ಎಂದರು ಅಪ್ಪ.

"ಛಲೋ ಅದಾನ. ಓಡ್ಯಾಡಿ ನೀರು ತಂದುಕೊಟ್ಟ. ಆದ್ರ ನೆಗಡಿ ಭಾಳ ಐತಿ ಅವಗ."

ಇಷ್ಟು ಧೈರ್ಯದ ಕಾಕಾನಿಗೆ ಒಂದೇ ಒಂದು ದುರ್ಬಲ ಜಾಗ, ಹಾರ್ನ್. ಎಲ್ಲೇ ಕೂತಿರಲಿ, ಹೊರಗೆ ಹಾರ್ನ್ ಕೇಳಿದರೆ ಎದ್ದು ನಿಲ್ಲುತ್ತಾರೆ. ತಾಟಿನಲ್ಲಿ ಕೈ ಇದ್ದರೂ ಸರಿ, ಮಾತು ಅರ್ಧವಾಗಿದ್ದರೂ ಸರಿ. "ಕುಂದ್ರಿ, ಹಾಲಿನ ಗಾಡಿ ಅದು," ಎಂದು ಕಾಕಿ ದಿನಾ ಬೆಳಿಗ್ಗೆ ಕೂರಿಸುತ್ತಾಳೆ. ಸಂಜೆ ತರಕಾರಿ ಟೆಂಪೋಗೆ ಇನ್ನೊಮ್ಮೆ. ಲಾರಿ ಬಂದರೆ ಮಾಲು ಇಳಿಸಲು ಓಡಬೇಕಾದ ವ್ಯಾಪಾರದ ಚಟ ಎಂದು ನಾವೆಲ್ಲ ನಗುತ್ತಿದ್ದೆವು. ಡ್ರೈವರುಗಳಿಗೆ ಅವರ ಮೊದಲ ಷರತ್ತು, "ಯಾರದರ ಮನ್ಯಾಗ ನಾ ಕುಂತಾಗ ಹಾರ್ನ್ ಮುಟ್ಟಬ್ಯಾಡ."

ರಾಯಚೂರಿನ ಸಂಬಂಧ ಬಂದದ್ದು ಬೇರೆ ರೀತಿಯಲ್ಲಿ. ಅವರ ಕಡೆಯವರು ಹಾವೇರಿಗೆ ಒಂದು ಮದುವೆಗೆ ಬಂದಿದ್ದರು, ಹಾಗೇ ನಮ್ಮ ಮನೆಗೂ ಬಂದರು. ಹುಡುಗನೂ ಜೊತೆಗಿದ್ದರು, ರಾಯಚೂರಿನ ಕಾಲೇಜಿನಲ್ಲಿ ಗಣಿತ ಕಲಿಸುತ್ತಾರೆ. ಅಡಿಗೆ ಬರುತ್ತದೆಯೇ ಎಂದು ಅವರು ಕೇಳಲಿಲ್ಲ. ನಿಮ್ಮ ವಿದ್ಯಾರ್ಥಿಗಳು ಯಾವ ಪಾಠಕ್ಕೆ ಹೆಚ್ಚು ಹೆದರುತ್ತಾರೆ ಎಂದು ಕೇಳಿದರು. ನಾನು ಹೇಳಿದೆ. ಅವರು ನಕ್ಕು, "ನನ್ನ ಹುಡುಗ್ರೂ ಅದಕ್ಕ ಅಂಜತಾರ್ರಿ" ಎಂದರು. ಆಮೇಲೆ ಆಗಾಗ ಫೋನಿನಲ್ಲಿ ಮಾತಾಡಿದೆವು. ಇಷ್ಟು ಹೇಳಿದರೆ ಸಾಕು, ಉಳಿದದ್ದು ನನ್ನದು. ಮನೆಯಲ್ಲಿ ಯಾರಿಗೂ ಇಷ್ಟೂ ಹೇಳಿರಲಿಲ್ಲ.

ಹಾಗಾಗಿ ನಮ್ಮವರು ರಾಯಚೂರಿಗೆ ಮನೆ ನೋಡಲು ಹೋದ ದಿನ ನನಗೆ ಉತ್ತರಪತ್ರಿಕೆ ಬಹಳ ಇದ್ದವು. ತಿರುಗಿ ಬಂದ ಮೇಲೆ ಅವ್ವ ಚಪ್ಪಲಿ ಬಿಡುತ್ತಲೇ ಹೇಳಿದಳು:

"ಹೋಳಗಿ ಬಡಿಸಿದ್ರು. ನಿಮ್ಮ ತಮ್ಮ ಒಂದು ತುತ್ತು ಬಾಯಾಗ ಇಟ್ಕೊಂಡಾರ, ಓಣ್ಯಾಗ ಯಾವುದೋ ಟೆಂಪೋ ಹಾರ್ನ್ ಹೊಡೀತು. ಎದ್ದು ಕೈ ತೊಳಕೊಂಡು 'ಬರ್ತೇವ್ರಿ' ಅಂದುಬಿಟ್ರು. ಅವರು ಎಲ್ಲಾರೂ ಗಾಬರಿ ಆದ್ರು. ಹೋಳಗಿ ರುಚಿ ಆಗಿಲ್ಲಂತ ತಿಳಕೊಂಡ್ರೋ, ಹುಡುಗ ಸೇರಿಲ್ಲಂತ ತಿಳಕೊಂಡ್ರೋ, ದೇವರಿಗೆ ಗೊತ್ತು."

"ಅದು ಬ್ಯಾಡ ಬಿಡು," ಎಂದರು ಅಪ್ಪ. "ರಾಯಚೂರು ದೂರ ಆತು. ಹಾವೇರಿ, ರಾಣೆಬೆನ್ನೂರು ಕಡೆ ಹುಡುಗರು ಇಲ್ಲೇನು? ಒಂದಿನಾ ಬಾ ಅಂದ್ರ ಬರೂವಂಗಿರಬೇಕು. ನೀ ಏನಂತೀಯೋ ತಮ್ಮಾ?"

ಮನೆಯಲ್ಲಿ ಇಂಥದ್ದಕ್ಕೆಲ್ಲ ಕಾಕಾನ ಮಾತೇ ಕೊನೆಯದು. ನಾನು ಪೆನ್ನು ಹಿಡಿದು ಕಾದೆ.

"ಗಾಡಿದು ತೀರ್ಮಾನ ಆಗ್ಲಿ ಅಣ್ಣ. ಆಮ್ಯಾಲೆ ಹೇಳ್ತೇನಿ."

"ಗಾಡಿಗೂ ಇದಕ್ಕೂ ಏನೋ ಸಂಬಂಧ?"

ಕಾಕಾ ಕೊಡೆ ಹುಡುಕತೊಡಗಿದರು. ಅಡಿಗೆಮನೆಯಲ್ಲಿ ಅವ್ವ ಒಂದು ಪಾತ್ರೆಯನ್ನು ಅಗತ್ಯಕ್ಕಿಂತ ಜೋರಾಗಿ ಇಟ್ಟಳು. ಆ ಸಂಜೆ ನಾನು ಒಂದೇ ಉತ್ತರಪತ್ರಿಕೆಯನ್ನು ಎರಡು ಸಲ ತಿದ್ದಿದೆ. ಎರಡು ಸಲವೂ ಬೇರೆ ಬೇರೆ ಅಂಕ ಬಂದವು.

ಮುಂದೆ ಕೆಲವು ವಾರ ಕಾಕಾ ಬಾಯಿ ಬಿಡಲಿಲ್ಲ, ನಾನೂ ಕೇಳಲಿಲ್ಲ. ಕೇಳುವುದು ನನಗೆ ಬರುವುದಿಲ್ಲ. ಒಂದು ಸಂಜೆ ಕಾಲೇಜು ಬಿಟ್ಟು ಹಾವೇರಿ ಬಸ್‌ಸ್ಟ್ಯಾಂಡಿಗೆ ಹೊರಟಿದ್ದೆ. ಗೇಟಿನ ಹೊರಗೆ ಒಂದು ಎಸ್‌ಯುವಿ ನಿಂತಿತ್ತು. ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಕನ್ನಡಿಯಿಂದ ಮೆಣಸಿನಕಾಯಿ ಇಳಿಬಿದ್ದಿತ್ತು, ನಾಲ್ಕು ಬೆರಳು ಬಿಟ್ಟು. ಸ್ಟಿಯರಿಂಗಿನ ಹಿಂದೆ ಕಾಕಾ ಒಬ್ಬರೇ.

"ಡ್ರೈವರ್ ಎಲ್ಲಿ ಕಾಕಾ?"

"ನಾನ ಡ್ರೈವರ್. ಹತ್ತು. ಮಣಿ ಹಿಂದಿನ ಸೀಟಿನ್ಯಾಗ ಐತಿ, ಬೇಕೇನು?"

ಮಣೆ ಬೇಡವೆಂದು ಹತ್ತಿ ಕೂತೆ. ಗಾಡಿ ಊರು ದಾಟಿತು.

"ಬಾಡಿಗಿನ ಸರಿ ಅಂತ ನಾ ಬರದು ಕೊಟ್ಟಿದ್ನೆಲ್ರಿ," ಎಂದೆ.

"ವರ್ಷಕ್ಕ ಎರಡ ಮೂರ ಸಲ ಹೋಗೋರಿಗೆ ಅಂತ ಬರದಿದ್ದಿ. ಓದೇನಿ ನಾ. ತಿಂಗಳಾ ರಾಯಚೂರಿಗೆ ಹೋಗೋರಿಗೆ ಏನಂತ ಬರೀತಿದ್ದಿ?"

ನಾನು ಮೆಣಸಿನಕಾಯಿಯನ್ನೇ ನೋಡುತ್ತಿದ್ದೆ.

"ನಮ್ಮ ಅಕ್ಕನ್ನ ಮುದ್ದೇಬಿಹಾಳದ ಕಡೆ ಕೊಟ್ಟಿದ್ವಿ," ಎಂದರು ಕಾಕಾ. ಗೋಡೆಯ ಮೇಲಿನ ಫೋಟೋದಲ್ಲಷ್ಟೇ ನಾನು ನೋಡಿರುವ ಅತ್ತೆ ಅವಳು. "ಹೋದಾಗೆಲ್ಲಾ ಬಾಡಿಗಿ ಜೀಪು. ಆಕಿ ಒಲಿ ಮುಂದ ಕುಂತು ರೊಟ್ಟಿ ಬಡಿಯಾಕಿ. ನಾ ಒಂದು ತಿನ್ನೂದ್ರಾಗ ಹೊರಗ ಹಾರ್ನ್. 'ಇನ್ನೊಂದು ಬೇಯಾಕತ್ತೈತಿ, ಕುಂದ್ರೋ' ಅನ್ನಾಕಿ. ಡ್ರೈವರ್ ಬಿಟ್ಟು ಹೋದಾನು ಅಂತ ಓಡಿ ಬರಾಂವ ನಾ. ಒಮ್ಮಿನೂ ಕುಂದ್ರಲಿಲ್ಲ. ಆಮ್ಯಾಲೆ ಆಕಿನ ಇರಲಿಲ್ಲ."

ಮೋಟೆಬೆನ್ನೂರಿನ ತಿರುವು ಬಂತು. ಕಾಕಾ ನಿಧಾನ ಮಾಡಿದರು.

"ಬಾಡಿಗಿ ಗಾಡಿಗೆ ಎಲ್ಲಾ ಛಲೋ ಐತಿ, ಯವ್ವಾ. ಒಂದ ಐಬು. ಅದು ಕಾಯೂದಿಲ್ಲ."

ಅದೇ ಹೊತ್ತಿಗೆ ಗಾಡಿ ಒಂದು ಹಂಪ್ ಹಾರಿತು, ಮೆಣಸಿನಕಾಯಿ ಹೋಗಿ ಗಾಜಿಗೆ ಟಕ್ ಎಂದು ಬಡಿಯಿತು.

"ಫೇಲ್ ಆತಲ್ರಿ ಕಾಕಾ."

"ಹಂಪ್ ಸರಿ ಇಲ್ಲ ಅದು," ಎಂದರು. "ಹಾರ್ನಿನ ವೈರ್ ಕಿತ್ತು ಕೊಡ್ರಿ ಅಂತ ಶೋರೂಮಿನ್ಯಾಗ ಕೇಳಿದೆ. ಅದು ಕಾನೂನಿನ್ಯಾಗ ಬರೂದಿಲ್ಲಂತ." ಸ್ವಲ್ಪ ತಡೆದು ಮುಂದುವರಿಸಿದರು. "ನಿಮ್ಮಪ್ಪಗ ಹೇಳೇನಿ. ದೂರದ ಮಾತು ಇನ್ನ ತಗೀಬ್ಯಾಡಂದೆ, ಹೂಂ ಅಂದ. ರಾಯಚೂರಿನವ್ರಿಗೆ ಫೋನ್ ಹಚ್ಚಿ ತಪ್ಪಾತ್ರಿ ಅಂದೆ. ಹೋಳಗಿ ಬಾಕಿ ಐತಿ, ಬರ್ರಿ ಅಂದಾರ. ಇನ್ನ ಉಳದಾಕಿ ನೀ. ಗಾಡಿನ ನಿನ್ನ ಕೇಳದ ತಂದೇನಿ, ಹುಡುಗನ್ನ ಹಂಗ ತರಾಕ ಬರೂದಿಲ್ಲ."

ಕೈ ಚಾಚಿ, ಇನ್ನೂ ತೂಗುತ್ತಿದ್ದ ಮೆಣಸಿನಕಾಯಿಯನ್ನು ಹಿಡಿದು ನಿಲ್ಲಿಸಿದೆ.

"ಇವತ್ತ ಹೇಳಂತ ಯಾರಂದ್ರು? ಸಾವಕಾಶ ಹೇಳು," ಎಂದರು ಕಾಕಾ. "ನಾ ಏನ್ ಹಾರ್ನ್ ಹೊಡ್ಯಾಂವಲ್ಲ."

ಮರುದಿನ ಬೆಳಿಗ್ಗೆ, ಮನೆಯವರು ಏಳುವ ಮೊದಲು, ನಾನು ಹಿತ್ತಲಲ್ಲಿ ನಿಂತು ರಾಯಚೂರಿಗೆ ಫೋನ್ ಮಾಡಿದೆ. ನಾನಾಗಿಯೇ ಮಾಡಿದ್ದು ಅದೇ ಮೊದಲು.

"ನಿಮ್ಮ ಮನಿ ಮುಂದ ದೊಡ್ಡ ಗಾಡಿ ನಿಲ್ಲಾಕ ನೆರಳ ಐತೇನ್ರಿ?" ಎಂದು ಕೇಳಿದೆ.

"ಬೇವಿನ ಗಿಡ ಐತ್ರಿ," ಎಂದರು ಅವರು, ನಿದ್ದೆ ತುಂಬಿದ ದನಿಯಲ್ಲಿ. "ಎಷ್ಟೊತ್ತು ನಿಲ್ತೈತ್ರಿ ಗಾಡಿ?"

"ರೊಟ್ಟಿ ಮುಗಿಯೂತನಾ," ಎಂದೆ.