ಬಾಯಿ ಮುಚ್ಚಿದ ವ್ಯಾಕರಣ

ಇದನ್ನು ನನಗೆ ಮೊದಲು ಹೇಳಿದವರು ನಮ್ಮ ಬೆಂಕಿಗುಡಿಯ ಸೌದೆ ನೋಡಿಕೊಳ್ಳುವ ಖುದಾರಹಮ್ ಮಾವ. ದಿನವೂ ಬೆಂಕಿಯೆದುರು ನಿಲ್ಲುವವರು, ಸುಳ್ಳಾಡುವವರಲ್ಲ.

ನಮ್ಮ ಯಜ್ದ್ ಸೀಮೆಯಲ್ಲಿ ಅಳಿಯುತ್ತಿರುವ ಮನೆಮಾತುಗಳನ್ನು ಉಳಿಸತಕ್ಕದ್ದೆಂದು ಭಾಷಾ ಸಂರಕ್ಷಣಾ ಮಂಡಳಿಯು ತೀರ್ಮಾನಿಸಿತು. ಅದರಂತೆ ಡಾಕ್ಟರ್ ತವಕ್ಕುಲಿಯವರು ತೆಹರಾನಿನಿಂದ ಧ್ವನಿಮುದ್ರಣದ ಯಂತ್ರ ಹೊತ್ತು ಕಿಶ್ವರಜ್ಜಿಯ ಮನೆಗೆ ಬಂದರು. ನಮ್ಮ ಹಿರಿಯರ ಮಾತನ್ನು ಪೂರ್ತಿ ಬಲ್ಲವಳು ಊರಿಗೆ ಆಕೆಯೊಬ್ಬಳೇ. ಅದನ್ನು ಮೊಮ್ಮಗಳು ಆರ್ಮಿತಾಳ ಬಾಯಲ್ಲಿ ಕೇಳಿಯೇ ಕಣ್ಣು ಮುಚ್ಚಬೇಕೆಂಬುದು ಅಜ್ಜಿಯ ಆಸೆ.

ಡಾಕ್ಟರು ಬಂದದ್ದು ಅಜ್ಜಿ ಊಟಕ್ಕೆ ಕೂತಿದ್ದ ಹೊತ್ತಿಗೆ. ಮಂತ್ರ ಹೇಳಿ ರೊಟ್ಟಿ ಮುರಿದ ಮೇಲೆ, ಕೈತೊಳೆದು ಮತ್ತೆ ಮಂತ್ರ ಹೇಳುವವರೆಗೆ ನಮ್ಮಲ್ಲಿ ಮಾತಾಡಬಾರದು. ತೀರಾ ಬೇಕಾದರೆ ತುಟಿ ಬಿಚ್ಚದೆ ಮೂಗಿನಲ್ಲೇ ಗುನುಗಬೇಕು. ಇದನ್ನು ಪಾಲಿಸುವವಳೂ ಈಗ ಅಜ್ಜಿಯೊಬ್ಬಳೇ.

"ಅಮ್ಮಾ, ನಿಮ್ಮ ಭಾಷೇಲಿ ನೀರಿಗೆ ಏನಂತೀರಿ?"

"ಮ್ಮ್‌ಹ್ಞೂಂ," ಎಂದು ಅಜ್ಜಿ ತಡೆಯಿರಿ ಎಂಬಂತೆ ಕೈಯೆತ್ತಿದಳು.

"'ನಾನು ಬಂದೆ' ಅನ್ನೋಕೆ?"

"ಮ್‌ಹ್ಞೂಂ!"

"ಅದ್ಭುತ!"

ಬಾಯಲ್ಲಿದ್ದ ರೊಟ್ಟಿ ಯಂತ್ರಕ್ಕೆ ಕಾಣಲಿಲ್ಲ. ಡಾಕ್ಟರಿಗೆ ವಿಮಾನದ ಅವಸರ. ಅಜ್ಜಿ ಕೈತೊಳೆದು ಬರುವಷ್ಟರಲ್ಲಿ ಕಾರು ಧೂಳೆಬ್ಬಿಸಿ ಹೋಗಿತ್ತು.

ವ್ಯಾಕರಣಗ್ರಂಥ ಹೊರಬಂತು. "ಸದರಿ ಭಾಷೆಯಲ್ಲಿ ಸ್ವರಗಳಿಲ್ಲ. ಸಮಸ್ತ ಧ್ವನಿಗಳೂ ಮೂಗಿನಿಂದ ಹೊರಡತಕ್ಕದ್ದು. ಕ್ರಿಯಾಪದದ ಕಾಲವನ್ನು ಕೈಸನ್ನೆಯಿಂದ ತಿಳಿಯತಕ್ಕದ್ದು." ಗ್ರಂಥಕ್ಕೆ ಪ್ರಶಸ್ತಿ ಬಂತು, ಡಾಕ್ಟರಿಗೆ ಬಡ್ತಿ ಬಂತು, ನಮ್ಮೂರಿಗೆ ಭಾಷಾಶಾಲೆ ಬಂತು.

ನಾನೇ ಕಲಿಸುತ್ತೇನೆಂದು ಅಜ್ಜಿ ಹೋದಳು. ಕಲಿಸುವವರಿಗೆ ಪರೀಕ್ಷೆಯುಂಟು. ಆಕೆ ಎರಡು ಮಾತಾಡುವಷ್ಟರಲ್ಲೇ ಪರೀಕ್ಷಕರು ತಡೆದರು.

"ಉಚ್ಚಾರ ಅಶುದ್ಧ, ಅಮ್ಮಾ. ತುಟಿ ಬಿಚ್ಚಿಬಿಟ್ರಿ."

"ಅಯ್ಯೋ, ಅವತ್ತು ನಾನು ಊಟಕ್ಕೆ ಕೂತಿದ್ದೆ ಕಣಪ್ಪಾ! ನಿಮ್ಮ ಡಾಕ್ಟರು ಬರಕೊಂಡಿದ್ದು ಭಾಷೆಯಲ್ಲ, ನಾನು ನುಂಗಿದ ತುತ್ತು!"

"ಊಟದ ವಿಷಯ ಗ್ರಂಥದಲ್ಲಿಲ್ಲ. ಅದಕ್ಕೆ ಆಧಾರ ಯಾರು ಗೊತ್ತಾ? ಇದೇ ಊರಿನ ಕಿಶ್ವರ್ ಅನ್ನೋ ಹಿರಿಯರು."

"ಆ ಕಿಶ್ವರ್ ನಾನೇ!"

"ಹೌದಾ? ಇಷ್ಟು ಬೇಗ ಮರೆತುಬಿಟ್ರಾ?" ಪರೀಕ್ಷಕರು ಮರುಗಿದರು. "ಇದಕ್ಕೇ ನೋಡಿ, ಭಾಷೆಗಳು ಅಳಿಯೋದು."

ತೆಹರಾನಿನಿಂದ ಮೇಷ್ಟ್ರು ಬಂದರು. "ಸುಮ್ನಿರು ಕಿಶ್ವರ್," ಎಂದರು ಊರ ಹಿರಿಯರು, "ಭಾಷೆ ಹೆಸರಲ್ಲಿ ರಸ್ತೆಗೆ ಡಾಂಬರು ಬಿದ್ದಿದೆ." ಮಕ್ಕಳೆಲ್ಲ ಚೆನ್ನಾಗಿ ಗುನುಗತೊಡಗಿದರು. ಭಾಷೆಯು ಅಪಾಯದಿಂದ ಪಾರಾಗಿದೆಯೆಂದು ಮಂಡಳಿ ಪ್ರಕಟಿಸಿತು.

ಒಂದು ಸಂಜೆ ಅಂಗಳದ ದಾಳಿಂಬೆಯ ಕೆಳಗೆ ಕೂತು, ತನ್ನಜ್ಜಿ ತನ್ನನ್ನು ಕರೆಯುತ್ತಿದ್ದ ಮಾತಿನಲ್ಲೇ ಕಿಶ್ವರಜ್ಜಿ ಮೊಮ್ಮಗಳನ್ನು ಕರೆದಳು. ಆರ್ಮಿತಾ ಗಾಬರಿಯಿಂದ ಓಡಿಬಂದು ಅಜ್ಜಿಯ ತುಟಿಯ ಮೇಲೆ ಅಂಗೈಯಿಟ್ಟಳು.

"ಶ್, ಅಜ್ಜೀ! ಬಾಯಿ ಮುಚ್ಚು. ನಮ್ಮ ಭಾಷೇಲಿ ಮಾತಾಡು."

ಅಜ್ಜಿ ಆ ಪುಟ್ಟ ಅಂಗೈಯನ್ನು ಮೆಲ್ಲಗೆ ಸರಿಸಿದಳು. ಆಮೇಲೆ ಬಾಯಿ ಮುಚ್ಚಿ ಗುನುಗಿದಳು. ಮಗು ಚಪ್ಪಾಳೆ ತಟ್ಟಿತು.

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಿ. ದಯವಿಟ್ಟು ಬಾಯಿ ತೆರೆದು ಹೇಳಿ.