ನನ್ನ ಮಾಯಾರಾಜ್ಯವೂ ಅತ್ತೆಯವರ ಅವ್ವನೂ

ನಲವತ್ತೇಳನೆಯ ವಯಸ್ಸಿಗೆ ಹೆಂಗಸರಿಗೆ ಏನೇನೋ ಚಟ ಹತ್ತುತ್ತವೆ. ಕೆಲವರು ಯೋಗಕ್ಕೆ ಹೋಗುತ್ತಾರೆ, ಕೆಲವರು ಒಡೆದ ಬಕೆಟ್ಟಿನಲ್ಲೆಲ್ಲ ಗುಲಾಬಿ ಗಿಡ ಹಚ್ಚುತ್ತಾರೆ, ನಮ್ಮ ಶಾಲೆಯ ಹಿಂದಿ ಟೀಚರು ಗಂಡನ ಸಕ್ಕರೆ ಕಾಯಿಲೆಯ ಮೇಲೆ ಪೊಲೀಸರ ಹಾಗೆ ಕಾವಲು ಕೂತಿದ್ದಾರೆ. ನನಗೆ ಹತ್ತಿದ್ದು ಇವೆಲ್ಲಕ್ಕಿಂತ ಕೆಟ್ಟ ಚಟ. ಇಲ್ಲಿಯವರೆಗೆ ಯಾರೂ ಹೇಳದ, ಯಾರೂ ಕೇಳದ ಒಂದು ಮಾಯಾಲೋಕದ ಕಾದಂಬರಿ ಬರೆಯಬೇಕು ಅನ್ನುವ ಹಟ. ನಾನು ಕುಂದಗೋಳದ ಹೈಸ್ಕೂಲಿನಲ್ಲಿ ಗಣಿತ ಕಲಿಸುವಾಕೆ. ವರ್ಗಮೂಲದಲ್ಲಿ ಹೊಸದನ್ನು ಮಾಡುವ ಅವಕಾಶ ನನಗೆ ದೇವರು ಕೊಟ್ಟಿಲ್ಲ. ಮನೆಯಲ್ಲಿ ಸಾರು ಅತ್ತೆಯವರ ಅಳತೆಯದ್ದು, ಸೀರೆ ಅಕ್ಕ ಆರಿಸಿದ್ದು, ತಲೆನೋವು ಕೂಡ ನಮ್ಮ ತಂದೆಯ ಕಡೆಯಿಂದ ಬಂದದ್ದು. ನನ್ನದೇ ಅಂತ ಒಂದು ವಸ್ತು ಇರಲಿ ಅನ್ನಿಸಿದರೆ ತಪ್ಪೇನು, ನೀವೇ ಹೇಳಿ.

ಹಟಕ್ಕೆ ಕಾರಣವೂ ಇದೆ. ನಮ್ಮೂರಲ್ಲಿ ಒಂದು ಓದುಗರ ಬಳಗವಿದೆ. ತಿಂಗಳಿಗೊಂದು ಭಾನುವಾರ ವಾಚನಾಲಯದ ಹಾಲಿನಲ್ಲಿ ಸೇರಿ, ಬರೆದವರು ಓದುತ್ತಾರೆ, ಬರೆಯದವರು ಚುರುಮುರಿ ತಿನ್ನುತ್ತಾ ಅಭಿಪ್ರಾಯ ಹೇಳುತ್ತಾರೆ. ಹೋದ ವರ್ಷ ನಾನು ಧೈರ್ಯ ಮಾಡಿ ಉರಿಯುವ ಕಿರೀಟವೊಂದರ ಕಥೆ ಓದಿದೆ. ಮುಗಿದ ಮೇಲೆ ನಿವೃತ್ತ ಹೆಡ್‌ಮಾಸ್ತರರೊಬ್ಬರು ಎದ್ದು ನಿಂತು, "ಅಕ್ಕೋರ, ಕಥಿ ಅಗದಿ ಚಲೋ ಐತ್ರಿ. ಆದ್ರ ಇದನ್ನ ನಮ್ಮ ಮೊಮ್ಮಗ ಮೊಬೈಲಿನ್ಯಾಗ ಮೂರು ಸಲ ನೋಡ್ಯಾನ್ರಿ" ಅಂದರು. ಹಾಲಿಗೆ ಹಾಲೇ ನಕ್ಕಿತು. ಆಣೆ ಮಾಡಿ ಹೇಳುತ್ತೇನೆ, ನಾನು ಅದನ್ನು ನೋಡಿರಲಿಲ್ಲ. ಆದರೆ ನೋಡಿಲ್ಲ ಅನ್ನುವುದನ್ನು ಸಾಧಿಸಿ ತೋರಿಸಲು ಯಾವ ಪ್ರಮೇಯವೂ ಇಲ್ಲವಲ್ಲ! ಅವತ್ತು ಮನೆಗೆ ಬಂದವಳೇ ಗೋಡೆಯ ಕ್ಯಾಲೆಂಡರಿನ ಬೆನ್ನಿಗೆ, ಮುಂದೆ ಎಂದೂ ಬಳಸಬಾರದ ಸಾಮಾನುಗಳ ಪಟ್ಟಿ ಬರೆದೆ. ಕಿರೀಟ, ಉಂಗುರ, ಖಡ್ಗ, ಬೆಂಕಿ ಉಗುಳುವ ಪ್ರಾಣಿ, ಉದ್ದ ಗಡ್ಡದ ಮುದುಕ, ಅನಾಥ ರಾಜಕುಮಾರ, ಭವಿಷ್ಯವಾಣಿ, ಗುಹೆ. ಎಲ್ಲವನ್ನೂ ಹೊರಗೆ ಹಾಕಿದ ಮೇಲೆ ನನ್ನ ರಾಜ್ಯದಲ್ಲಿ ಉಳಿದದ್ದು ನಾನೊಬ್ಬಳೇ.

ಸರಿ, ಹೆಸರಿನಿಂದಾದರೂ ಶುರು ಮಾಡೋಣ ಅಂತ ಎರಡು ದಿನ ಕೂತು 'ಝರ್ಕೋಲಿನ್' ಅಂತ ಒಂದು ರಾಜ್ಯದ ಹೆಸರು ಹುಟ್ಟಿಸಿದೆ. ನಮ್ಮ ಯಜಮಾನರಿಗೆ ಬಸ್ ಸ್ಟ್ಯಾಂಡಿನ ಬಾಜು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಕೇಳಿದವರು, "ಇದು ಹತ್ತಿ ಹುಳಕ್ಕ ಹೊಡಿಯೋ ಎಣ್ಣಿ ಹೆಸರಿದ್ದಂಗ ಐತಲ್ಲ? ಲೀಟರಿಗೆ ಎಷ್ಟು ಹಾಕಬೇಕು?" ಅಂದರು. ರಾಣಿಯ ಹೆಸರು ಹೇಳಿದೆ, ಅದು ಬೀಜದ ಪಾಕೀಟಿನ ಹೆಸರಿನಂತಿದೆಯಂತೆ. ಹೆಸರು ಬಿಟ್ಟು ಭೂಗೋಳಕ್ಕೆ ಬಂದೆ. ಮಾಯಾಲೋಕ ಅಂದಮೇಲೆ ಪರ್ವತ ಬೇಕಲ್ಲ. ಪುಟಗಟ್ಟಲೆ ಬರೆದು ಮರುದಿನ ಓದಿ ನೋಡಿದರೆ ನನ್ನ ಪರ್ವತಕ್ಕೆ ತುದಿಯಲ್ಲಿ ಮೇವು ಒದ್ದೆಯಾಗದಂತೆ ತಾಡಪತ್ರಿ ಹೊದಿಸುವುದೊಂದೇ ಬಾಕಿ ಇತ್ತು. ಏನು ಮಾಡುವುದು, ನಾನು ಹುಟ್ಟಿದಾಗಿನಿಂದ ಕಣ್ಣಾರೆ ಕಂಡ ಎತ್ತರ ಅಂದರೆ ಹಿತ್ತಲಿನ ಮೇವಿನ ಬಣವಿ.

ಇಷ್ಟಾದರೂ ಬರೆಯುತ್ತಾ ಹೋದೆ. ಬೇಸಿಗೆ ರಜೆ ಬಂತು. ಅದೇ ಹೊತ್ತಿಗೆ ಅತ್ತೆಯವರ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಡಾಕ್ಟರು ಒಂದು ತಿಂಗಳು ಟೀವಿ ಬೇಡ ಅಂದರು. ಅತ್ತೆಯವರು ನವಲಗುಂದ ತಾಲೂಕಿನ ತಿರ್ಲಾಪುರದವರು, ಸುಮ್ಮನೆ ಕೂಡುವ ಜಾತಿಯಲ್ಲ. ಕಣ್ಣು ಬೇಡದ ಕೆಲಸ ಅಂತ ತವರಿನಿಂದ ಹತ್ತಿ ತರಿಸಿ, ಮಠದ ದೀಪಗಳಿಗೆ ಬತ್ತಿ ಹೊಸೆಯತೊಡಗಿದರು. "ಏ ಸುಮಾ, ಅದೇನೋ ಬರಿತಿಯಲ್ಲ, ಜ್ವಾರಾಗಿ ಓದು. ಹೆಂಗೂ ಧಾರಾವಾಹಿ ಇಲ್ಲ" ಅಂದರು. ನನ್ನ ಮೊದಲ ಕೇಳುಗರು ಹೀಗೆ ಸಿಕ್ಕರು.

ಮೊದಲು ಒಂದು ನದಿಯ ಕಥೆ ಓದಿದೆ. ಮೋಡವಿಲ್ಲ, ಮಳೆಯಿಲ್ಲ, ಸುಡು ಬಿಸಿಲಲ್ಲಿ ಎಲ್ಲಿಂದಲೋ ಬಂದು ಊರನ್ನೆಲ್ಲ ಮುಳುಗಿಸಿ, ಸಂಜೆಗೆ ಮಾಯವಾಗುವ ಮಾಯಾನದಿ. ಅತ್ತೆಯವರ ಕೈ ಬತ್ತಿ ಹೊಸೆಯುತ್ತಲೇ ಇತ್ತು. "ಇದು ಬೆಣ್ಣಿಹಳ್ಳ ಅಲ್ಲೇನ? ಮಳಿ ನಿಮ್ಮ ಕುಂದಗೋಳದಾಗ, ಹೊಳಿ ನಮ್ಮ ನವಲಗುಂದದಾಗ. ಇದರಾಗ ಮಾಯಾ ಏನು ಬಂತು?" ನದಿಯನ್ನು ಹರಿದು ಹಾಕಿದೆ. ಮರುದಿನ ಜನರ ನೆರಳು ಕದ್ದು ಕೌದಿ ಹೊಲಿಯುವ ಮುದುಕಿಯನ್ನು ಕರೆತಂದೆ. ಈ ಮುದುಕಿ ಪಟ್ಟಿಯಲ್ಲಿಲ್ಲ, ಯಾವ ಮೊಮ್ಮಗನ ಮೊಬೈಲಿನಲ್ಲೂ ಇರಲಿಕ್ಕಿಲ್ಲ ಅಂತ ನನಗೆ ಖಾತ್ರಿಯಿತ್ತು. ಅತ್ತೆಯವರು ತಲೆ ಎತ್ತದೆ, "ಹೂಂ, ಗೊತ್ತೈತಿ. ನಮ್ಮವ್ವ ಹೇಳತಿದ್ಲು. ಮಟಮಟ ಮಧ್ಯಾಹ್ನದಾಗ ಅಕಿ ಸೂಜಿ ಕೆಳಗಿಟ್ಟು ಮಲಗತಿದ್ಲಂತ. ಆ ಹೊತ್ತಿನ್ಯಾಗ ಎಲ್ಲಾರ ನೆರಳೂ ಚೋಟುದ್ದ, ಕೌದಿಗೆ ತ್ಯಾಪಿ ಹಚ್ಚಾಕ ಸಾಲತಿರಲಿಲ್ಲ" ಅಂದರು. ನನ್ನ ಕಥೆಗಿಂತ ಅದೇ ಚೆನ್ನಾಗಿತ್ತು, ಅದು ಬೇರೆ ಸಂಕಟ. ಮತ್ತೊಂದು ದಿನ, ಜನ ಮಲಗುವಾಗ ತಮ್ಮ ದನಿಯನ್ನು ಗಡಿಗೆಯಲ್ಲಿ ಮುಚ್ಚಿಡುವ ಊರು. "ಅದೂ ನಮ್ಮವ್ವ ಹೇಳತಿದ್ಲು. ಬೆಕ್ಕು ಒಂದು ಗಡಿಗಿ ಒಡದು ಮೂರು ದಿನ ಊರಿಗೆಲ್ಲ ಗೌಡನ ಗೊರಕಿ ಕೇಳಿತ್ತಂತ."

ಹೀಗೆ ಹದಿನೈದು ದಿನಗಳಲ್ಲಿ ನಾನು ಹುಟ್ಟಿಸಿದ್ದೆಲ್ಲವನ್ನೂ ಅತ್ತೆಯವರ ಅವ್ವ ಮೊದಲೇ ಹೇಳಿ ಹೋಗಿದ್ದಳು. ಎಂದೂ ನೋಡದ ಆ ಹೆಣ್ಣುಮಗಳ ಮೇಲೆ ನನಗೆ ಹೊಟ್ಟೆಕಿಚ್ಚು ಶುರುವಾಯಿತು. ಬರೆದ ಹಾಳೆಗಳು ಒಂದೊಂದಾಗಿ ನೀರೊಲೆಗೆ ಹೋದವು. ಯಜಮಾನರು ಸಮಾಧಾನ ಹೇಳಲು ಬಂದರು: "ಅಲ್ಲ, ನಾ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತತೀನಿ. ಹೊರಗಿನ ಡಬ್ಬಿ ಹಳೇದ ಇರತೈತಿ. ನೀರು ಬಂದ್ರ ಸಾಕು, ಯಾವ ರೈತನೂ ಡಬ್ಬಿ ಹೊಸಾದ ಏನ್ರಿ ಅಂತ ಕೇಳಂಗಿಲ್ಲ." ನಾನು ಸಿಟ್ಟಿನಿಂದ, ನೀವು ಮೋಟಾರು ನೋಡಿಕೊಳ್ಳಿ, ಸಾಹಿತ್ಯಕ್ಕೆ ಬರಬೇಡಿ ಅಂದೆ. ಅವರು ನಗುತ್ತಾ ಹೋದರು. ಈ ಮನುಷ್ಯನಿಗೆ ಸಿಟ್ಟು ಬರಿಸುವುದೂ ನನ್ನಿಂದ ಆಗದ ಕೆಲಸ.

ರಜೆಯ ಕೊನೆಗೆ ತಿರ್ಲಾಪುರದಲ್ಲಿ ಅತ್ತೆಯವರ ಅಣ್ಣನ ಮನೆಯ ಗೃಹಪ್ರವೇಶ. ಊಟ ಮುಗಿಸಿ ಹೆಂಗಸರೆಲ್ಲ ಹೊಲದ ಕಡೆ ಹೊರಟೆವು. ಬೇಸಿಗೆಯ ಎರೆ ಹೊಲ, ಕಪ್ಪು ನೆಲ ಮೊಣಕಾಲು ಹೋಗುವಷ್ಟು ಬಾಯಿ ಬಿಟ್ಟಿತ್ತು. ಎಡವಿದೆ ನೋಡಿ, ನನ್ನ ಕಾಲುಂಗುರ ಜಾರಿ ಬಿರುಕಿನೊಳಗೆ ಹೋಯಿತು. ಬಗ್ಗಿ ಕೈ ಹಾಕಿದೆ, ತಳವೇ ಸಿಗಲಿಲ್ಲ. ಒಳಗಿನಿಂದ ತಣ್ಣನೆಯ ಗಾಳಿ ಬೆರಳಿಗೆ ತಾಗಿತು. ಕೆಳಗೇನೋ ಇದೆ ಅನ್ನಿಸಿತು. ಕಾಲುಂಗುರ ಹೋದದ್ದಕ್ಕೆ ಅಳಬೇಕಾದವಳು ಬಸ್ಸಿನಲ್ಲಿ ಮನೆಗೆ ಬರುವವರೆಗೂ ಒಬ್ಬಳೇ ನಗುತ್ತಾ ಬಂದೆ.

ಮರುದಿನ ಓದಿದೆ. ಫಕೀರವ್ವ ಅನ್ನುವ ಹೆಂಗಸು, ಬಿರುಕಿನಲ್ಲಿ ಬಿದ್ದ ಕಾಲುಂಗುರ ಹುಡುಕುತ್ತಾ ಕೆಳಗಿಳಿಯುತ್ತಾಳೆ. ಕೆಳಗೊಂದು ನಾಡು. ನಾವು ಮೇಲೆ ಕಳೆದುಕೊಂಡದ್ದೆಲ್ಲ ಅಲ್ಲಿಯವರ ಬದುಕು. ಎಮ್ಮೆಯ ಗಂಟೆಯೇ ಅವರ ಗುಡಿಯ ಗಂಟೆ, ಮುರಿದ ಕುಡುಗೋಲೇ ಅವರ ಚಂದ್ರ. ನಮ್ಮ ಹೊಲದ ಬಿರುಕುಗಳಿಂದ ಇಳಿಯುವ ಬಿಸಿಲೇ ಅವರ ಹಗಲು. ಮೊದಲ ಮಳೆ ಬಿದ್ದೊಡನೆ ನೆಲ ಬಾಯಿ ಮುಚ್ಚುತ್ತದೆ, ಆಮೇಲೆ ದಾರಿಯಿಲ್ಲ. ಕಾಲುಂಗುರ ಇನ್ನೂ ಸಿಕ್ಕಿಲ್ಲ, ಮೇಲೆ ಗುಡುಗು ಕೇಳುತ್ತಿದೆ. ಫಕೀರವ್ವ ಸೆರಗೊಡ್ಡಿ, "ಯಪ್ಪಾ ಶಿವನ, ಈ ವರ್ಷ ಮಳಿ ಬ್ಯಾಡೋ" ಅಂತ ಬೇಡಿಕೊಳ್ಳುತ್ತಾಳೆ.

"ನಮ್ಮವ್ವ ಹೇಳತಿದ್ಲು" ಬರುತ್ತದೆ ಅಂತ ಕಾದೆ. ಬರಲಿಲ್ಲ. ನೋಡಿದರೆ ಅತ್ತೆಯವರ ಕೈ ನಿಂತಿತ್ತು. ಬತ್ತಿ ಅರ್ಧಕ್ಕೇ ತೊಡೆಯ ಮೇಲಿತ್ತು.

"ಏನಂದ್ಲು?"

"ಮಳಿ ಬ್ಯಾಡ ಅಂದ್ಲು, ಅತ್ತ್ಯಾರ."

"ಎರಿ ಹೊಲದಾಕಿ? ಮಳಿ ಬ್ಯಾಡ ಅಂತಾಳ? ಅಕಿ ನಾಲಿಗಿ ಸೇದಿಹೋಗ್ಲಿ! ಊರ ಮಂದಿ ಏನು ಮಣ್ಣು ತಿನ್ನಬೇಕೇನು?" ಅಂತ ಸಿಟ್ಟಿನಿಂದ ಎದ್ದೇ ಬಿಟ್ಟರು. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದರು. "ಅಂಥಾ ಹೆಣ್ಣಿನ ಕಥಿ ನಾ ಹುಟ್ಟಿದಾಗಿಂದ ಕೇಳಿಲ್ಲ" ಅಂದರು. ಆಮೇಲೆ, "ಪಾಪ, ಅಕಿ ಮ್ಯಾಲ ಬರೂದಾದ್ರೂ ಹೆಂಗ?" ಅಂದರು. ಆ ಬೈಗುಳವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು ಅನ್ನಿಸಿತು. ಕೊನೆಗೂ ನನ್ನದು! ಆದರೆ ಫಕೀರವ್ವ ಹೇಗೆ ಮೇಲೆ ಬರಬೇಕೆಂದು ನನಗೂ ಗೊತ್ತಿರಲಿಲ್ಲ. ಶಾಲೆ ಶುರುವಾಯಿತು, ಶ್ರಾವಣ ಬಂತು, ಅವಳು ಕೆಳಗೇ ಕೂತಿದ್ದಳು.

ಶ್ರಾವಣದ ಒಂದು ದಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯ ನೀಲವ್ವ ನನ್ನ ತಾಟಿಗೆ ಅನ್ನ ಹಾಕುತ್ತಾ, "ಅಕ್ಕೋರ, ನಿಮ್ಮತ್ತ್ಯಾರ ಮಠದಾಗ ಬತ್ತಿ ಹೊಸಿಯೂಮುಂದ ಒಂದು ಕಥಿ ಹೇಳಿದ್ರು ನೋಡ್ರಿ. ಬಿರುಕಿನ್ಯಾಗ ಇಳಿದಾಕಿದು. ಅವರವ್ವ ಹೇಳತಿದ್ಲಂತ. ಹಳೇ ಮಂದಿ ಏನೇನ ಕಟ್ಟಿದ್ರಿ!" ಅಂದಳು. ಬಡಿಸಿದ ಅನ್ನ ಹಾಗೇ ಬಿಟ್ಟು ಎದ್ದೆ. ಮುಂದಿನ ವಾರವೇ ಬಳಗದಲ್ಲಿ ನನ್ನ ಓದು. ಇಷ್ಟು ವರ್ಷಕ್ಕೆ ನನ್ನದು ಅಂತ ಹುಟ್ಟಿದ್ದು ಒಂದೇ ಒಂದು ಕಥೆ, ಅದನ್ನೂ ಆ ಅವ್ವ ಒಯ್ದಳಲ್ಲ!

ಸಂಜೆ ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ಅತ್ತ್ಯಾರ, ಫಕೀರವ್ವನ ಕಥಿ ಯಾರದ್ರಿ?"

"ನಿಂದು. ಯಾರು ಇಲ್ಲಂದ್ರು?"

"ಮತ್ತ ನಿಮ್ಮವ್ವ ಹೇಳತಿದ್ಲು ಅಂತ ಊರಿಗೆಲ್ಲ ಹೇಳೀರಲ್ಲ?"

"ಮತ್ತ ಹೆಂಗ ಹೇಳಬೇಕವಾ? ಕಥಿ ಹೇಳೂಮುಂದ ಅವ್ವ ಹೇಳತಿದ್ಲು ಅಂತನ ಹೇಳೂದು. ನಾ ಕಟ್ಟೀನಿ, ನನ್ನ ಸೊಸಿ ಕಟ್ಟ್ಯಾಳ ಅಂದ್ರ ದೊಡ್ಡಸ್ತನ ಆಗತೈತಿ, ಯಾರೂ ಕುಂತು ಕೇಳಂಗಿಲ್ಲ. ಅವ್ವ ಅಂದ್ರ ಎಲ್ಲಾರೂ ಸುಮ್ಮನ ಆಗತಾರ."

ನನ್ನ ತಲೆಯಲ್ಲಿ ಏನೋ ಮಿಂಚಿತು. "ಹಂಗಾರ ಆ ಕೌದಿ ಮುದುಕಿ? ಗೌಡನ ಗೊರಕಿ? ಅವನ್ನ ಖರೇನ ನಿಮ್ಮವ್ವ ಹೇಳಿದ್ಲೇನ್ರಿ?"

ಅತ್ತೆಯವರು ಸೆರಗು ಸರಿಮಾಡಿಕೊಂಡರು. "ನಮ್ಮವ್ವ ಎಲ್ಲಿ ಹೇಳಬೇಕು. ನಾ ತೊಟ್ಟಿಲದಾಗ ಇದ್ದಾಗನ ಹೋದ್ಲು. ನೀ ಅರ್ಧ ಓದಿ ನಿಲ್ಲಸ್ತಿದ್ದಿ, ನನಗ ಮುಂದಿಂದು ಹೊಳೀತಿತ್ತು, ಹೇಳತಿದ್ದೆ." ಮತ್ತೆ ಹತ್ತಿ ಕೈಗೆತ್ತಿಕೊಂಡು, "ಅವ್ವ ಇದ್ದಿದ್ರ ಹೇಳತಿದ್ಲಲ್ಲ, ಹಂಗ" ಅಂದರು.

ಜಗಳಕ್ಕೆ ಅಂತ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ಕಣ್ಣೊರೆಸಿಕೊಂಡೆ. ಎಪ್ಪತ್ತೆರಡು ವರ್ಷ ಈ ಹೆಂಗಸು ಇಲ್ಲದ ಅವ್ವನ ಬಾಯಲ್ಲಿ ಕಥೆ ಹೇಳಿಸಿಕೊಂಡು ಬಂದಿದ್ದಾಳೆ. ಸಂಕಟವಾಯಿತು, ಪ್ರೀತಿ ಉಕ್ಕಿತು, ಅದರ ಬೆನ್ನಿಗೇ ನೀರೊಲೆಗೆ ಹಾಕಿದ ಹಾಳೆಗಳು ನೆನಪಾಗಿ ಹೊಟ್ಟೆಯೂ ಉರಿಯಿತು. ಹಸಿ ಹಸಿ ಹೊಸ ಕಥೆಗಳನ್ನು ಹಳೆಯವು ಅಂತ ನಂಬಿ ಸುಟ್ಟು, ಆ ನೀರಲ್ಲೇ ಸ್ನಾನ ಮಾಡಿದ್ದೆನಲ್ಲ!

ಭಾನುವಾರ ಬಂತು. ಫಕೀರವ್ವನನ್ನು ಬಳಗದಲ್ಲಿ ಓದಿದೆ. ಮಳೆ ಬೇಡ ಅಂದ ಕಡೆ ಚುರುಮುರಿ ತಿನ್ನುವ ಸದ್ದು ನಿಂತಿತು. ಕಥೆ ಮುಂದೆ ಬೆಳೆದಿರಲಿಲ್ಲವಾದ್ದರಿಂದ ಗುಡುಗಿಗೇ ನಿಲ್ಲಿಸಿ, ಉಳಿದದ್ದು ಇನ್ನೂ ತಿದ್ದುವುದಿದೆ ಅಂತ ಹಸಿ ಸುಳ್ಳು ಹೇಳಿದೆ. ಹೆಡ್‌ಮಾಸ್ತರರು ಈ ಸಲ ಮೊಮ್ಮಗನ ಹೆಸರು ಎತ್ತಲಿಲ್ಲ. ಉಸಿರು ಬಿಡಬೇಕು, ಅಷ್ಟರಲ್ಲಿ ಹಿಂದಿನ ಸಾಲಿನಿಂದ ಅಣ್ಣಿಗೇರಿಯಿಂದ ಬಂದ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. "ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಈ ಕಥಿ ನಾವು ಕೇಳೇವ್ರಿ. ನಮ್ಮ ಓಣ್ಯಾಗ ಎಲ್ಲಾರಿಗೂ ಗೊತ್ತೈತಿ. ಭಾಳ ಹಳೇ ಕಥಿ."

ಹಾಲು ನನ್ನ ಕಡೆ ತಿರುಗಿತು. ಹುಟ್ಟಿ ಮೂರು ತಿಂಗಳಾದ ಕಥೆ ಮಠಕ್ಕೆ ಬಂದವರ ಬಾಯಿಂದ ನನಗಿಂತ ಮೊದಲು ಅಣ್ಣಿಗೇರಿ ಮುಟ್ಟಿ ಅಲ್ಲಿ ಮುದಿಯಾಗಿತ್ತು. ಇದು ನನ್ನದು, ಬೇಕಾದರೆ ಕಾಲುಂಗುರವಿಲ್ಲದ ಬೆರಳು ತೋರಿಸುತ್ತೇನೆ ಅಂತ ಕೂಗಬೇಕೆಂದು ಬಾಯಿ ತೆರೆದೆ. ಬಾಯಿಂದ ಬಂದದ್ದೇ ಬೇರೆ. "ನಿಮ್ಮ ಕಡೆ ಅಕಿ ಮ್ಯಾಲ ಬರತಾಳೇನವಾ?"

"ಬರಲಾರದ ಏನ್ರಿ! ಮಳಿ ಆತು, ನೆಲ ಮುಚ್ಚಿತು. ಅಕಿ ಅತ್ತಗೋತ ಕುಂತಳು. ಮ್ಯಾಲ ಅಕಿ ಗಂಡ ಹತ್ತಿ ಬಿತ್ತಿದ. ಹತ್ತಿ ಬೇರು ಕೆಳಗ ಇಳೀತು ನೋಡ್ರಿ, ಆ ಬೇರು ಹಿಡಕೊಂಡು ಮ್ಯಾಲ ಬಂದ್ಲು. ಮಳಿ ಆಗಲಾರದ ಬೇರು ಎಲ್ಲಿಂದ ಬರತಿತ್ತು? ಬ್ಯಾಡ ಅಂದಾಕಿನ್ನ ಆ ಮಳಿನ ಎತ್ತಿತ್ರಿ."

ಮೂರು ತಿಂಗಳು ನಾನು ಹುಡುಕಿದ್ದು ಇದೇ. ನನಗೆ ಯಾಕೆ ಹೊಳೆಯಲಿಲ್ಲ ಅಂತ ಒಂದು ಕ್ಷಣ ಹೊಟ್ಟೆಕಿಚ್ಚು, ಮರುಕ್ಷಣ ಫಕೀರವ್ವ ಮನೆ ಮುಟ್ಟಿದಳಲ್ಲ ಅಂತ ಕಣ್ಣಲ್ಲಿ ನೀರು. ಸಾವಕಾಶ ಕುರ್ಚಿಯಲ್ಲಿ ಕೂತು, ಹಾಳೆ ತಿರುವಿ, ಪೆನ್ನಿನ ಕ್ಯಾಪು ತೆಗೆದೆ.

"ಅಕ್ಕೋರ, ನಿಮಗ ಈ ಕಥಿ ಕಡೀ ಭಾಗ ಗೊತ್ತಿರಲಿಲ್ಲೇನ್ರಿ?" ಅಂದಳು ಅವಳು, ಪಾಪ, ಮರುಕದಿಂದ.

ಇಪ್ಪತ್ತು ವರ್ಷ ಪರೀಕ್ಷಾ ಕೋಣೆಯಲ್ಲಿ ಬೆಂಚಿನಿಂದ ಬೆಂಚಿಗೆ ಓಡಾಡಿ, ಬಾಜುವಿನವರ ಪೇಪರ್ ನೋಡಿದವರನ್ನೆಲ್ಲ ಕಿವಿ ಹಿಡಿದು ಎಬ್ಬಿಸಿದ ನಾನು, ತಲೆ ಎತ್ತದೆ ಅಂದೆ: "ಬೇರಿನ ತನಕ ಆತವಾ. ಮುಂದ ಸ್ವಲ್ಪ ಸಾವಕಾಶ ಹೇಳು, ಬರಕೊಳ್ಳಾಕತ್ತೀನಿ."