ನಿಮ್ಮ ಕಡೆ ಯಾರರ ಅದಾರೇನ್ರಿ?

ಇಪ್ಪತ್ತಾರು ವರ್ಷ ಕೆಲಸ ಮಾಡಿದವನಿಗೆ ಕೆಲಸ ಮಾಡುವುದರಲ್ಲಿ ಇಪ್ಪತ್ತಾರು ವರ್ಷದ ಅನುಭವ ಇರುತ್ತದೆ. ಕೆಲಸ ಹುಡುಕುವುದರಲ್ಲಿ ಮಾತ್ರ ಒಂದು ದಿನದ್ದೂ ಇರುವುದಿಲ್ಲ. ಈ ಸತ್ಯ ನನಗೆ ಐವತ್ತೊಂದನೆಯ ವಯಸ್ಸಿನಲ್ಲಿ ಹೊಳೆಯಿತು. ಆಗಷ್ಟೇ ಕಾಲೇಜು ಮುಗಿಸಿದವರಿಗೆ ತಮಗೇನೂ ಬರುವುದಿಲ್ಲ ಎನ್ನುವುದು ಚೆನ್ನಾಗಿ ಗೊತ್ತಿರುತ್ತದೆ. ಹೀಗಾಗಿ ಕಂಡಕಂಡವರನ್ನೆಲ್ಲ ಕೇಳುತ್ತಾರೆ, ಎಲ್ಲೋ ಒಂದು ಕಡೆ ಸಿಕ್ಕುತ್ತದೆ. ನಮ್ಮಂಥವರಿಗೆ ಎಲ್ಲವೂ ಬರುತ್ತದೆ, ಕೇಳುವುದೊಂದನ್ನು ಬಿಟ್ಟು.

ನಾನು ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಫೀಲ್ಡ್ ಸೂಪರ್‌ವೈಸರ್ ಆಗಿದ್ದೆ. ಸುತ್ತಲಿನ ಹಳ್ಳಿಗಳಲ್ಲಿ ರೈತರು ಕಂಪನಿಗಾಗಿ ಬೆಳೆಯುವ ಮೆಣಸಿನಕಾಯಿ, ಬೆಂಡೆ, ಟೊಮೆಟೊ ಬೀಜದ ಬೆಳೆಯನ್ನು ಹೊಲಹೊಲ ತಿರುಗಿ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಹಿಡಿ ಬೀಜವನ್ನು ಅಂಗೈಯಲ್ಲಿ ಹಾಕಿಕೊಂಡು ಬೆರಳಾಡಿಸಿದರೆ ಸಾಕು, ಮೊಳೆಯುತ್ತದೋ ಇಲ್ಲವೋ ಹೇಳುತ್ತಿದ್ದೆ. ಸಂಜೆ ಮನೆಗೆ ಬರುವಾಗ ಬೂಟಿನ ತುಂಬ ಎರೆಮಣ್ಣು. ಅದನ್ನು ಹೊರಗೆ ಕಟ್ಟೆಯ ಮೇಲೆ ಬಿಟ್ಟೇ ಒಳಗೆ ಬರಬೇಕೆಂಬುದು ನನ್ನ ಹೆಂಡತಿ ಗಿರಿಜಾಳ ಕಾಯಿದೆ. ಹೀಗಿರುವಾಗ ಕಂಪನಿಯನ್ನು ಹೊರಗಿನವರು ಯಾರೋ ಕೊಂಡರು, ನಮ್ಮ ಕಚೇರಿಯನ್ನು ಮುಚ್ಚಿದರು. ಕೊನೆಯ ದಿನ ಹಾರ ಹಾಕಿ, ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೊಟ್ಟರು. ಕೆಲಸ ಕಳೆದುಕೊಂಡವನಿಗೆ ಗಡಿಯಾರ ಕೊಡುವ ಬುದ್ಧಿ ಯಾರಿಗೆ ಬಂತೋ ಕಾಣೆ. ಮಗಳ ನರ್ಸಿಂಗ್ ಓದು ಇನ್ನೂ ಎರಡು ವರ್ಷ ಬಾಕಿ ಇತ್ತು. ಖರೇ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು.

ಹೆದರಿದವನು ಮೊದಲು ಮಾಡುವ ಕೆಲಸವೆಂದರೆ ಬಯೊಡಾಟಾ ಬರೆಯುವುದು. ನಾನು ಹನ್ನೊಂದು ಪುಟ ಬರೆದೆ. ಹೈಸ್ಕೂಲಿನಲ್ಲಿ ವಾಲಿಬಾಲ್ ತಂಡದ ನಾಯಕನಾಗಿದ್ದು, ಟೈಪಿಂಗ್ ಪರೀಕ್ಷೆ ಪಾಸಾಗಿದ್ದು, ನಾನು ಓಡಾಡಿದ ಊರುಗಳ ಹೆಸರು, ಆಯಾ ಊರಿನ ಮಣ್ಣಿನ ಗುಣ, ಒಂದನ್ನೂ ಬಿಡಲಿಲ್ಲ. ಗಿರಿಜಾ ಕನ್ನಡಕ ಏರಿಸಿಕೊಂಡು ನಾಲ್ಕನೆಯ ಪುಟದವರೆಗೆ ಓದಿದಳು. "ರೀ, ಇದರಾಗ ನಿಮಗ ಏನ್ ಬರತೈತಿ ಅನ್ನೋದು ಎಲ್ಲೈತಿ?" ಎಂದಳು. "ಒಂಬತ್ತನೇ ಪುಟದಾಗ ಐತಿ, ತಡಿ" ಎಂದೆ. ಅವಳು ತಡೆಯಲಿಲ್ಲ; ಒಲೆಯ ಮೇಲೆ ಹಾಲಿತ್ತು.

ಗಿರಿಜಾ ಗುತ್ತಲದವಳು. ಅವಳು ನನಗೆ ಸಿಕ್ಕ ಬಗೆಯನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ನಮ್ಮ ಸೀಮೆಯಲ್ಲಿ ಹೆಣ್ಣಿನ ತಂದೆಯ ಮುಂದೆ ಹೋಗಿ "ನಿಮ್ಮ ಮಗಳನ್ನು ಕೊಡಿ" ಎಂದು ಯಾರೂ ಸೀದಾ ಕೇಳುವುದಿಲ್ಲ. ಇಲ್ಲ ಎನ್ನಿಸಿಕೊಂಡರೆ ಇಬ್ಬರಿಗೂ ಮುಜುಗರ. ನಮ್ಮಪ್ಪ ಗುತ್ತಲದ ಸಂತೆಗೆ ಹೋದವನು ನನ್ನ ಮಾವನ ಅಂಗಡಿಯಲ್ಲಿ ಕುಳಿತು, ಚಹಾ ಕುಡಿದು, ಮಳೆಬೆಳೆ ಮಾತಾಡಿ, ಏಳುವಾಗ "ನಮ್ಮ ಹುಡುಗಗ ಒಂದು ಕನ್ಯಾ ನೋಡಾಕತ್ತೇವಿ. ನಿಮ್ಮ ಕಡೆ ಯಾವರ ಅದಾವೇನ್ರಿ?" ಎಂದನಂತೆ. ಮಾವ ತಿಳಿದವನು. "ಇನ್ನೊಂದು ಕಪ್ ಚಹಾ ಕುಡೀರಿ" ಎಂದನಂತೆ. ಅಷ್ಟಕ್ಕೇ ನನ್ನ ಮದುವೆ ಗಟ್ಟಿಯಾಯಿತು.

ಇರಲಿ, ಬಯೊಡಾಟಾದ ಸಂಗತಿಗೆ ಬರುತ್ತೇನೆ. ಹಾವೇರಿಯ ಇನ್ನೊಂದು ಬೀಜದ ಕಂಪನಿಯವರು ಸಂದರ್ಶನಕ್ಕೆ ಕರೆದರು. ಎದುರು ಕುಳಿತವನು ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. "ನಿಮ್ಮ ಬಗ್ಗೆ ಹೇಳಿ ಸರ್" ಎಂದ. ನನ್ನ ಬಗ್ಗೆ ಹೇಳುವ ಮೊದಲು ಅವನ ಬಗ್ಗೆ ತಿಳಿದುಕೊಳ್ಳುವುದು ನಮ್ಮ ಕಡೆಯ ರೂಢಿ. "ಯಾವೂರಾತಪ್ಪ ನಿಂದು? ಯಾರ ಪೈಕಿ?" ಎಂದು ಶುರುಮಾಡಿದೆ. ಹತ್ತು ನಿಮಿಷದಲ್ಲಿ ಅವನ ಸೋದರಮಾವ ಗಳಗನಾಥದಲ್ಲಿ ನನಗೆ ಊಟ ಹಾಕಿದ್ದು ನೆನಪಾಯಿತು. ಅಲ್ಲಿಗೆ ನಿಲ್ಲಿಸಿದ್ದರೂ ನಡೆಯುತ್ತಿತ್ತು. ಕಿಟಕಿಯ ಬಿಸಿಲಿಗೆ ಅವರ ಬೀಜದ ಚೀಲಗಳನ್ನು ಒಟ್ಟಿದ್ದು ಕಣ್ಣಿಗೆ ಬಿತ್ತು. ಬಾಯಿ ತೆರೆದಿದ್ದ ಒಂದು ಚೀಲಕ್ಕೆ ಕೈಹಾಕಿ, ಬೆರಳಾಡಿಸಿ, "ತಮ್ಮಾ, ಇದು ಅರ್ಧನೂ ಮೊಳೆಯೂದಿಲ್ಲ" ಎಂದೆ. ಅಷ್ಟರಲ್ಲಿ ಅವರ ಯಜಮಾನರು ಬಾಗಿಲಲ್ಲಿ ನಿಂತಿದ್ದರು. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತಿಳಿಸುತ್ತೇವೆ ಎಂದರು, ಇನ್ನೂ ತಿಳಿಸಿಲ್ಲ.

ಇಷ್ಟೆಲ್ಲ ಆದರೂ ನೌಕರಿ ಹೋದದ್ದನ್ನು ನಾನು ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಗಿರಿಜಾಳಿಗೂ ಆಣೆ ಹಾಕಿದ್ದೆ. ಎಂದಿನಂತೆ ಎಂಟೂವರೆಗೆ ಬೂಟು ಹಾಕಿ, ಬುತ್ತಿ ಹಿಡಿದು ಹೊರಡುತ್ತಿದ್ದೆ. ಒಂದು ದಿನ ಗ್ರಂಥಾಲಯ, ಒಂದು ದಿನ ಹಾವೇರಿ, ಮತ್ತೊಂದು ದಿನ ಕಾಗಿನೆಲೆ. ಅಲ್ಲಿ ದರ್ಶನಕ್ಕೆ ಬಂದವರ ನಡುವೆ ಕುಳಿತು ರೊಟ್ಟಿ ತಿನ್ನುವವನನ್ನು ಯಾರೂ ಏನೂ ಕೇಳುವುದಿಲ್ಲ. ಸಂಜೆ ಆರಕ್ಕೆ ದಣಿದವನಂತೆ ಮನೆಗೆ ಬರುತ್ತಿದ್ದೆ. ಖರೇನೇ ದಣಿದಿರುತ್ತಿದ್ದೆ. ಕೆಲಸವಿಲ್ಲದೆ ದಿನ ಕಳೆಯುವಷ್ಟು ಕಷ್ಟದ ಕೆಲಸವನ್ನು ನಾನು ಇಪ್ಪತ್ತಾರು ವರ್ಷದಲ್ಲಿ ಮಾಡಿರಲಿಲ್ಲ.

ಮೂರು ತಿಂಗಳು ಹೀಗೆ ಕಳೆದ ಮೇಲೆ ಒಂದು ಭಾನುವಾರ ಪಕ್ಕದ ಮನೆಯ ಮಲ್ಲಪ್ಪ ಮಾಸ್ತರರು ಬಂದರು. ನಿವೃತ್ತ ಶಾಲಾ ಮಾಸ್ತರರು, ಮಾತು ಕಡಿಮೆ. ಚಹಾ ಕುಡಿದರು, ಗೋಡೆಯ ಮೇಲಿನ ಹೊಸ ಗಡಿಯಾರ ನೋಡಿದರು, ಮಳೆಯ ಮಾತಾಡಿದರು. ಏಳುವ ಮೊದಲು ಹೇಳಿದರು: "ವೀರಭದ್ರಪ್ಪನವರ, ಬ್ಯಾಡಗಿಯೊಳಗ ನಮ್ಮ ಅಳಿಯಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಐತಲ್ರಿ, ಅಲ್ಲಿಗೊಬ್ಬ ಅನುಭವಸ್ಥರು ಬೇಕಾಗ್ಯಾರ. ಕಾಯಿ ಹಸಿ ಐತೋ ಒಣಗೇತೋ ಕೈಯಾಗ ಹಿಡಿದು ಹೇಳಬೇಕು, ರೈತರ ಜೋಡಿ ಮಾತಾಡಾಕ ಬರಬೇಕು. ನಿಮ್ಮ ಕಡೆ ಯಾರರ ಅದಾರೇನ್ರಿ?"

ನಾನೇ ಎನ್ನಬೇಕು. ಎಂದರೆ ಮೂರು ತಿಂಗಳ ನಾಟಕ ಬಯಲಾಗುತ್ತದೆ. ಒಳಬಾಗಿಲಲ್ಲಿ ಗಿರಿಜಾ ಕೆಮ್ಮಿದಳು. ಆಗ ನಾನು ಕಾಲ ಮೇಲೆ ಕಾಲು ಹಾಕಿಕೊಂಡು, ಗಲ್ಲ ತುರಿಸಿಕೊಂಡು, ದೊಡ್ಡ ಅಧಿಕಾರಿಯಂತೆ ಹೇಳಿದ ಮಾತು ಇದು: "ಅದಾನಲ್ರಿ ಗಂಗಾಧರ. ನನ್ನ ಕೈಕೆಳಗ ಎಂಟು ವರ್ಷ ಪಳಗಿದಾಂವ. ಬಂಗಾರದಂಥ ಮನುಷ್ಯಾ." ಅಷ್ಟೇ ಅಲ್ಲ, ಹಾಳೆ ತೆಗೆದು ಅವನ ಗುಣಗಾನವನ್ನೂ ಬರೆದುಕೊಟ್ಟೆ. ನನ್ನ ಹನ್ನೊಂದು ಪುಟದಲ್ಲಿ ಹೇಳಲಾಗದ್ದನ್ನು ಅವನ ಬಗ್ಗೆ ಹನ್ನೊಂದು ಸಾಲಿನಲ್ಲಿ ಹೇಳಿದ್ದೆ. ನನ್ನ ಜೊತೆಗೇ ಕೆಲಸ ಕಳೆದುಕೊಂಡಿದ್ದ, ನನ್ನ ಹನ್ನೊಂದು ಪುಟವನ್ನು ಝೆರಾಕ್ಸ್ ಮಾಡಿಸಿ ತಂದುಕೊಟ್ಟಿದ್ದ ಗಂಗಾಧರ ಆ ವಾರವೇ ಬ್ಯಾಡಗಿಗೆ ಹೋಗಿ ಸೇರಿಕೊಂಡ. ಪೇಡೆ ತಂದು ಕಾಲಿಗೆ ಬಿದ್ದ; ಮಂದಿಯನ್ನು ಆರಿಸಿಕೊಳ್ಳುವುದನ್ನೂ ತನಗೇ ಬಿಟ್ಟಿದ್ದಾರೆ ಎಂದ. ಗಿರಿಜಾ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಪೇಡೆಯನ್ನೂ ಮುಟ್ಟಲಿಲ್ಲ.

ಮೂರನೆಯ ದಿನ ನಾನು ಬುತ್ತಿ ಹಿಡಿದು ಹೊರಟಾಗ ಮಾಸ್ತರರು ಗೇಟಿನ ಹತ್ತಿರ ನಿಂತಿದ್ದರು. ಅಂದು ಏಕೋ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. "ಮಾಸ್ತರ, ನನ್ನ ನೌಕರಿ ಹೋಗೇತ್ರಿ" ಎಂದುಬಿಟ್ಟೆ.

"ಗೊತ್ತೈತ್ರಿ" ಎಂದರು ಮಾಸ್ತರರು. "ಮೂರು ತಿಂಗಳಾತು ನಿಮ್ಮ ಬೂಟಿಗೆ ಮಣ್ಣು ಹತ್ತಿಲ್ಲ. ಕಟ್ಟಿ ಮ್ಯಾಲ ದಿನಾ ನೋಡತೀನಲ್ರಿ. ಅದಕ್ಕ ಅಲ್ಲೇನ್ರಿ ನಾ ಆ ದಿನ ಬಂದು ಕೇಳಿದ್ದು? ನಿಮ್ಮಂಥ ದೊಡ್ಡ ಮನುಷ್ಯಾರಿಗೆ 'ನಡೀರಿ ಕೆಲಸಕ್ಕ' ಅಂತ ಬಾಯಿಬಿಟ್ಟು ಹೆಂಗ ಅನ್ನೋದ್ರಿ? ನೀವು ನೋಡಿದ್ರ ಗಂಗಾಧರನ ಹೆಸರು ಹೇಳಿ, ಚೀಟಿನೂ ಬರೆದು ಕೊಟ್ರಿ!"

ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಹಿಂದಿನಿಂದ ಗಿರಿಜಾಳ ದನಿ ಬಂತು. ಬೈಯುತ್ತಾಳೆಂದುಕೊಂಡರೆ ಅವಳು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. "ನಮ್ಮಪ್ಪ ನಿಮ್ಮಂಥಾವ ಆಗಿದ್ರ, ಆ ದಿನ ಮಗ್ಗಲ ಮನಿ ಹುಡುಗಿ ಹೆಸರು ಹೇಳಿ ಕಳಿಸ್ತಿದ್ದ ನೋಡ್ರಿ" ಎಂದಳು. ಮೂರು ತಿಂಗಳಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಆ ನಗೆಯನ್ನು ನೋಡಿ ನನಗೆ ನೌಕರಿ ಸಿಕ್ಕಷ್ಟೇ ಸಮಾಧಾನವಾಯಿತು. "ಈಗ ಬ್ಯಾಡಗಿ ಬಸ್ ಹಿಡೀರಿ. ಗಂಗಾಧರನ ಹತ್ರ ಹೋಗಿ, ನನಗ ಕೆಲಸ ಬೇಕು ಅನ್ರಿ. ಬ್ಯಾರೆ ಏನೂ ಅನಬ್ಯಾಡ್ರಿ" ಎಂದು ಹೇಳಿಕೊಟ್ಟು ಕಳಿಸಿದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದೆ. ನನಗೆ ಕೆಲಸ ಬೇಕು. ಮೂರೇ ಶಬ್ದ. ಪಕ್ಕದಲ್ಲಿ ಕುಳಿತ ಅಜ್ಜಿ ನನ್ನ ತುಟಿ ಅಲುಗುವುದನ್ನು ನೋಡಿ, ಜಪ ಮಾಡುತ್ತಿದ್ದೇನೆಂದು ತಿಳಿದು ಸ್ವಲ್ಪ ಸರಿದು ಜಾಗ ಕೊಟ್ಟಳು. ಕೋಲ್ಡ್ ಸ್ಟೋರೇಜಿನ ಬಾಗಿಲಲ್ಲಿ ಕಾಯಿಯ ಘಾಟಿಗೆ ನಾಲ್ಕು ಸಲ ಸೀನಿ ಒಳಗೆ ಹೋದೆ. ಗಂಗಾಧರ ನನ್ನನ್ನು ನೋಡಿದವನೇ ಗಡಬಡಿಸಿ ಎದ್ದು, ತನ್ನ ಕುರ್ಚಿಯನ್ನೇ ನನಗೆ ಕೊಟ್ಟು ತಾನು ಚೀಲದ ಮೇಲೆ ಕುಳಿತ. ಚಹಾ ತರಿಸಿದ. ಕುಡಿದೆ. ಮಳೆಯ ಮಾತಾಡಿದೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಎಲ್ಲ ಧೈರ್ಯವನ್ನೂ ಒಟ್ಟುಗೂಡಿಸಿ ಹೇಳಿಯೇಬಿಟ್ಟೆ:

"ಗಂಗಾಧರ, ನಿಮ್ಮಲ್ಲಿ ಯಾರರ ಅನುಭವಸ್ಥರು ಬೇಕಾಗ್ಯಾರೇನಪಾ?"

ಗಂಗಾಧರ ಒಂದು ಗಳಿಗೆ ನನ್ನ ಮುಖ ನೋಡಿದ, ಆಮೇಲೆ ಮಣ್ಣಿಲ್ಲದ ನನ್ನ ಬೂಟು ನೋಡಿದ. ಪುಣ್ಯಕ್ಕೆ ಅವನು ನನ್ನಂಥವನಲ್ಲ, ನನ್ನ ಮಾವನಂಥವನು.

"ಇನ್ನೊಂದು ಕಪ್ ಚಹಾ ಕುಡೀರಿ ಸರ್" ಎಂದ. "ನಾಳೆ ಎಂಟಕ್ಕ ಬಂದುಬಿಡ್ರಿ. ಆ ಹನ್ನೊಂದು ಪುಟ ಮಾತ್ರ ತರಬ್ಯಾಡ್ರಿ."